ಮನೆ ಬದಲಿಸುವಾಗ ಬಚ್ಚಲ ಹಂಡೆ: ಒಯ್ಯುವುದೋ, ಕೊಡುವುದೋ?

ಮನೆ ಖಾಲಿ ಮಾಡುವಾಗ ಮಂಚ, ಕಪಾಟು, ಮಿಕ್ಸರ್ ಎಲ್ಲದರ ತೀರ್ಮಾನ ಒಂದೇ ದಿನದಲ್ಲಿ ಆಗುತ್ತದೆ. ಕೊನೆಗೆ ಉಳಿಯುವುದು ಬಚ್ಚಲ ಹಂಡೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ಮನೆಗಳಲ್ಲಿ ಅದು ಒಲೆಯ ಮಣ್ಣಿನಲ್ಲಿ ಅರ್ಧ ಹುಗಿದು ಕೂತಿರುತ್ತದೆ. ಅಜ್ಜನ ಕಾಲದ್ದು. ಹೊರಗೆಲ್ಲ ಮಸಿ, ಒಳಗೆ ಕೆಂಪು ತಾಮ್ರ. ಒಯ್ಯೋಣ ಅಂದರೆ ಇಡುವುದೆಲ್ಲಿ? ಮಾರೋಣ ಅಂದರೆ ಮನಸ್ಸು ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಅಪ್ಪ, ಆಯಿಯನ್ನು ಸಿದ್ದಾಪುರ ರಸ್ತೆಯ ಹಳ್ಳಿಮನೆಯಿಂದ ಕಾರವಾರದ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಆ ಮನೆಯಲ್ಲಿ ಎರಡು ಹಂಡೆ ಇದ್ದವು, ಒಂದೇ ಅಳತೆಯ ಜೋಡಿ. ಒಂದನ್ನು ಅವಸರದಲ್ಲಿ ಮಾರಿದೆವು. ಅದರ ಬೇಸರ ನನಗೆ ಇವತ್ತಿಗೂ ಇದೆ. ಇನ್ನೊಂದರ ವಿಷಯದಲ್ಲಿ ಮಾತ್ರ ಪೂರ್ತಿ ವಿಚಾರ ಮಾಡಿದೆವು. ಹಾಗೆ ಮಾಡಿಸಿದ್ದು ಪಕ್ಕದ ಮನೆಯ ಅಜ್ಜಿ. ಟೆಂಪೋಗೆ ಸಾಮಾನು ಏರಿಸುತ್ತಿದ್ದಾಗ ಬಂದು ನಿಂತು ಒಂದೇ ಮಾತು ಕೇಳಿದರು: "ತಂಗಿ, ಒಲೆ ಇದ್ದಾ ಅಲ್ಲಿ?"

ಒಲೆ ಇರಲಿಲ್ಲ. ಹಂಡೆ ಎಷ್ಟು ಬಾಳುತ್ತದೆ, ಎಷ್ಟು ಹಳೆಯದು, ಯಾರು ಕೊಟ್ಟಿದ್ದು ಅಂತ ನಾವು ಮೂರು ದಿನ ಮಾತಾಡಿದ್ದೆವು. ಒಲೆಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ.

ಮೊದಲು ಹೊಸ ಮನೆಯ ಒಲೆ ನೋಡಿ

ಹಾಗಾಗಿ ಮೊದಲ ಹೆಜ್ಜೆ ಹಳೆ ಮನೆಯಲ್ಲಿ ಅಲ್ಲ, ಹೊಸ ಮನೆಯಲ್ಲಿ. ಅಲ್ಲಿಗೆ ಹೋಗಿ ಮೂರು ವಿಷಯ ನೋಡಿ. ಬೆಂಕಿ ಹಾಕಲು ಜಾಗ ಇದೆಯಾ, ಹೊಗೆ ಹೋಗಲು ದಾರಿ ಇದೆಯಾ, ಉರಿಸಲು ಏನಾದರೂ ಸಿಗುತ್ತದೆಯಾ. ಈ ಮೂರನೆಯದನ್ನು ಜನ ಮರೆಯುತ್ತಾರೆ. ತೋಟದ ಮನೆಯಲ್ಲಿ ಸೋಗೆ, ಅಡಿಕೆ ಸಿಪ್ಪೆ, ಒಣಗಿದ ಹಾಳೆ ರಾಶಿ ಬಿದ್ದಿರುತ್ತವೆ. ಕುಮಟಾ, ಅಂಕೋಲಾದ ಕಡೆ ಹಿತ್ತಲಲ್ಲಿ ನಾಲ್ಕು ತೆಂಗಿನ ಮರ ಇದ್ದರೆ ಮಡಲು, ಗರಟೆಯಲ್ಲೇ ದಿನ ಸಾಗುತ್ತದೆ. ಪೇಟೆಯಲ್ಲಿ ಕಟ್ಟಿಗೆಗೂ ದುಡ್ಡು ಕೊಡಬೇಕು, ಅದನ್ನು ಒಣಗಿಸಿ ಇಡಲು ಜಾಗವೂ ಬೇಕು. ಕಾರವಾರದ ಮಳೆಗಾಲದಲ್ಲಿ ಬಾಲ್ಕನಿಯಲ್ಲಿಟ್ಟ ಕಟ್ಟಿಗೆ ಒಣಗುವುದಿಲ್ಲ. ನಾವು ಒಂದು ಸಲ ಇಟ್ಟು ನೋಡಿದ್ದೇವೆ, ಹಬ್ಬದ ದಿನಕ್ಕೆ ಬರೀ ಹೊಗೆ.

ಒಲೆ ಇಲ್ಲದಿದ್ದರೆ ಬೇರೆ ಉಪಾಯ ಮಾಡೋಣ ಅಂತ ತುಂಬಾ ಜನ ಹೇಳುತ್ತಾರೆ. ಹಂಡೆಯೊಳಗೆ ಹೀಟರ್ ಕಾಯಿಲ್ ಬಿಡುವ ಯೋಚನೆ ದಯವಿಟ್ಟು ಬೇಡ. ಪಾತ್ರೆಯೇ ಲೋಹ. ಕಾಯಿಲ್ ಎಲ್ಲಾದರೂ ಸೀಳಿದ್ದರೆ ನೀರಿಗೂ ಹಂಡೆಗೂ ಕರೆಂಟ್ ಬರುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಜೀವಕ್ಕೇ ಅಪಾಯ. ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಒಲೆ ಅಥವಾ ಇದ್ದಿಲು ಉರಿಸುವುದಂತೂ ಬೇಡವೇ ಬೇಡ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಬಿಸಿನೀರು ಎಷ್ಟು ಬೇಕು ಅನ್ನುವುದನ್ನೂ ಲೆಕ್ಕ ಹಾಕಿ. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 50 ಸೆಂಟಿಮೀಟರ್ ಅಗಲದ ಉರುಟು ಹಂಡೆಗೆ ಸುಮಾರು 65 ಲೀಟರ್ ನೀರು ಹಿಡಿಯುತ್ತದೆ. ಹತ್ತು ಜನರ ಮನೆಗೆ, ತೋಟದ ಕೆಲಸ ಮುಗಿಸಿ ಬಂದವರಿಗೆಲ್ಲ, ಆ ನೀರು ಬೇಕಿತ್ತು. ಈಗ ಫ್ಲ್ಯಾಟಿನಲ್ಲಿ ಮೂರು ಜನ. 15 ಲೀಟರಿನ, 2,000 ವ್ಯಾಟಿನ ಗೀಸರು ಇಪ್ಪತ್ತು ನಿಮಿಷದೊಳಗೆ ನೀರನ್ನು 60 ಡಿಗ್ರಿಗೆ ತರುತ್ತದೆ. ತಣ್ಣೀರು ಬೆರೆಸಿದರೆ ಎರಡು ಬಕೆಟ್ ಆಗುತ್ತದೆ, ಖರ್ಚಾಗುವ ಕರೆಂಟು ಮುಕ್ಕಾಲು ಯೂನಿಟಿಗೂ ಕಡಿಮೆ. ಶಿರಸಿ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ, ಅಲ್ಲಿ ಜನವರಿಯ ಬೆಳಗ್ಗೆ ಹಂಡೆಯ ಮುಂದೆ ಬೆಂಕಿ ಕಾಯಿಸುತ್ತಾ ಕೂರುವ ಸುಖವೇ ಬೇರೆ. ಕಾರವಾರದಲ್ಲಿ ಆ ಚಳಿ ಇಲ್ಲ. ಅರ್ಧ ವರ್ಷ ತಣ್ಣೀರೇ ಹಿತ.

ಹೊಸ ಮನೆಯಲ್ಲಿ ಒಲೆ ಇದೆ, ಅಥವಾ ಹಿತ್ತಲಲ್ಲಿ ಒಂದು ಮಾಡು ಇಳಿಸಿ ಒಲೆ ಹಾಕಿಸುವುದು ಖಂಡಿತ ಅನ್ನುವವರು ಒಯ್ಯಿರಿ. ಎರಡು ವರ್ಷ ಬಾಡಿಗೆ ಮನೆ, ಆಮೇಲೆ ಸ್ವಂತ ಮನೆ ಅನ್ನುವವರೂ ಒಯ್ಯಿರಿ. ಹಳೆ ಹಂಡೆಗೆ ಸಿಗುವುದು ಲೋಹದ ದುಡ್ಡು ಮಾತ್ರ, ಹೊಸದನ್ನು ಕೊಳ್ಳುವಾಗ ಲೋಹದ ಜೊತೆ ಮಜೂರಿಯನ್ನೂ ಕೊಡಬೇಕು. ಉಳಿದವರು ಮುಂದೆ ಓದಿ.

ಹಬ್ಬಕ್ಕೆ ಬೇಕು ಅನ್ನುವ ಮಾತು

ಆಯಿ ಹಂಡೆ ಬಿಡಲಾರೆ ಅಂದಿದ್ದು ಇದಕ್ಕೇ. ದೀಪಾವಳಿಯಲ್ಲಿ ನೀರು ತುಂಬುವ ಸಂಜೆ ಹಂಡೆಯನ್ನು ಬೆಳಗಿ, ಶೇಡಿಯಲ್ಲಿ, ಅಂದರೆ ಬಿಳಿ ಮಣ್ಣಿನಲ್ಲಿ, ಎಳೆ ಬರೆದು, ಹಿಂಡಲೆ ಬಳ್ಳಿ ಸುತ್ತಿ, ಬೆಳಗಾಗುವ ಮೊದಲೇ ಎಣ್ಣೆ ಹಚ್ಚಿಕೊಂಡು ಆ ನೀರಲ್ಲಿ ಮೀಯುವುದು ಅಂದರೆ ಅವಳಿಗೆ ವರ್ಷವೇ ಶುರುವಾದ ಹಾಗೆ. ಇದನ್ನು ಸುಮ್ನೆ ಭಾವುಕತೆ ಅಂತ ತಳ್ಳಿಹಾಕಬೇಡಿ. ಆದರೆ ಹಬ್ಬಕ್ಕೆ 65 ಲೀಟರೇ ಬೇಕಾ ಅಂತ ಮೆಲ್ಲಗೆ ಕೇಳಿ ನೋಡಿ. ನಾವು ಅದೇ ಮನೆಯ ತಾಮ್ರದ ಕೊಡ ಒಂದನ್ನು ತಂದೆವು. ಈಗ ಅದಕ್ಕೇ ಬಳ್ಳಿ ಸುತ್ತುತ್ತೇವೆ, ಗೀಸರಿನ ನೀರನ್ನು ಅದಕ್ಕೆ ತುಂಬಿಸಿ ಮೀಯುತ್ತೇವೆ. ಮೊದಲ ವರ್ಷ ಆಯಿ ಮಾತಾಡಲಿಲ್ಲ. ಎರಡನೇ ವರ್ಷ ಬಳ್ಳಿಯನ್ನು ತಾನೇ ಹುಡುಕಿ ತಂದಳು.

ತೂತು ನೋಡಿ, ಆಮೇಲೆ ತೂಗಿ

ಒಯ್ಯುವುದಿರಲಿ, ಕೊಡುವುದಿರಲಿ, ಹಂಡೆ ಸರಿ ಇದೆಯಾ ಅಂತ ಗೊತ್ತಿರಬೇಕು. ಒಳಗಿನ ಸುಣ್ಣದ ಪದರ ಕೆರೆದು ತೆಗೆಯಿರಿ. ರಾತ್ರಿ ದೀಪ ಆರಿಸಿ, ಹಂಡೆಯೊಳಗೆ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಬ್ಬರು ಹೊರಗಿನಿಂದ ನೋಡಲಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತದೆ. ಮಸಿ ತುಂಬಿ ಮುಚ್ಚಿದ ತೂತು ಬೆಳಕಿಗೆ ಸಿಗುವುದಿಲ್ಲ, ಆದ್ದರಿಂದ ಕಿತ್ತ ಮೇಲೆ ಒಣಗಿದ ನೆಲದ ಮೇಲಿಟ್ಟು ಕಂಠದ ತನಕ ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಡಿ ಒದ್ದೆಯಾಗಿದ್ದರೆ ಗೊತ್ತಾಯಿತಲ್ಲ.

ಸಣ್ಣ ತೂತಾದರೆ ಬೆಸುಗೆ ಹಾಕಿಸಬಹುದು. ತಾಮ್ರ ಕರಗಲು 1,085 ಡಿಗ್ರಿ ಬೇಕು, ಸಾಧಾರಣ ತವರ-ಸೀಸದ ಬೆಸುಗೆ 183 ಡಿಗ್ರಿಯ ಹತ್ತಿರವೇ ಕರಗುತ್ತದೆ. ಒಳಗೆ ನೀರಿರುವ ತನಕ ಹಂಡೆಯ ತಳ ನೂರರ ಆಸುಪಾಸಿನಲ್ಲೇ ಇರುವುದರಿಂದ ಬೆಸುಗೆ ನಿಲ್ಲುತ್ತದೆ. ನೀರು ಆರಿದ ಹಂಡೆಯ ಅಡಿಗೆ ಬೆಂಕಿ ಉರಿದರೆ ಬೆಸುಗೆ ಹರಿದುಹೋಗುತ್ತದೆ. ಬರಿ ಹಂಡೆಗೆ ಬೆಂಕಿ ಹಾಕಬೇಡಿ ಅಂತ ಹಿರಿಯರು ಬೈಯುತ್ತಿದ್ದುದು ಸುಳ್ಳಲ್ಲ. ತಳವೇ ತೆಳ್ಳಗಾಗಿ, ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ ಅಂತಾದರೆ ರಿಪೇರಿಯ ಆಸೆ ಬಿಡಿ.

ಇನ್ನು ತೂಕ. ನಾವು ಸೋತಿದ್ದು ಇಲ್ಲೇ. ಮೊದಲ ಹಂಡೆಯನ್ನು ಮನೆಬಾಗಿಲಿಗೆ ಬಂದ ಗುಜರಿಯವನಿಗೆ ಕೊಟ್ಟೆವು. ಅವನು ತನ್ನದೇ ಕೊಕ್ಕೆಯ ತಕ್ಕಡಿಯಲ್ಲಿ ತೂಗಿ ಏಳೂವರೆ ಕಿಲೋ ಅಂದ, ನಾವು ಹೂಂ ಅಂದೆವು. ವಾರದ ಮೇಲೆ ಅದರ ಜೋಡಿ ಹಂಡೆಯನ್ನು ಅಡಿಕೆ ತೂಗುವ ಕಾಟಾದ ಮೇಲೆ ಇಟ್ಟಾಗ ಹತ್ತು ಕಿಲೋ ಚಿಲ್ಲರೆ ಬಂತು. ಹಂಡೆಯನ್ನು ಬೆಳಗಿದ್ದೆವು, ಒಣಗಿಸಿದ್ದೆವು, ಕಾಟಾ ಸರಿ ಇತ್ತು. ಅಪ್ಪ ಏನೂ ಹೇಳಲಿಲ್ಲ, ಎದ್ದು ತೋಟದ ಕಡೆ ಹೋದರು.

ಆದ್ದರಿಂದ ಕೊಳ್ಳುವವರು ಬರುವ ಮೊದಲೇ ನೀವೇ ತೂಗಿ ಬರೆದಿಡಿ. ತೂಕ ಸರಿಯಾಗಿದೆಯಾ ಅಂತ ಅಂದಾಜು ಮಾಡುವ ದಾರಿಯೂ ಇದೆ. ಒಂದು ಲೀಟರ್ ಜಾಗದಷ್ಟು ತಾಮ್ರ ತೂಗಿದರೆ ಸುಮಾರು 9 ಕಿಲೋ. 50 ಸೆಂಟಿಮೀಟರ್ ಅಗಲದ, ಒಂದೂವರೆ ಮಿಲಿಮೀಟರ್ ದಪ್ಪದ ಹಂಡೆ ಹತ್ತು ಕಿಲೋದ ಹತ್ತಿರ ಬರಬೇಕು. ತುಂಬಾ ಹಗುರ ಅನಿಸಿದರೆ ತಗಡು ಸವೆದಿದೆ ಅಥವಾ ತಕ್ಕಡಿ ಸರಿ ಇಲ್ಲ. ಒಂದು ಅಯಸ್ಕಾಂತವನ್ನೂ ತಾಗಿಸಿ ನೋಡಿ. ತಾಮ್ರಕ್ಕೂ ಹಿತ್ತಾಳೆಗೂ ಅದು ಅಂಟುವುದಿಲ್ಲ. ಕಂಠದ ಬಳೆಗೆ, ಹಿಡಿಕೆಗೆ ಅಂಟಿತು ಅಂದರೆ ಅದು ಕಬ್ಬಿಣ, ಆ ತೂಕವನ್ನು ಕಳೆಯುವುದು ನ್ಯಾಯವೇ. ಬಣ್ಣ ಹಳದಿಗೆ ತಿರುಗಿದ್ದರೆ ಹಿತ್ತಾಳೆ, ಅದರ ದರ ಬೇರೆ.

ತಾಮ್ರದ ದರ ದಿನಾ ಏರಿಳಿಯುತ್ತದೆ. ಲೋಹಗಳ ವಾಯಿದಾ ವ್ಯಾಪಾರ ನಡೆಯುವ ಎಂಸಿಎಕ್ಸ್ ಮಾರುಕಟ್ಟೆಯಲ್ಲಿ ಆ ದಿನದ ಕಿಲೋ ದರ ಎಷ್ಟು ಅಂತ ಮೊಬೈಲಿನಲ್ಲೇ ಸಿಗುತ್ತದೆ. ಹಳೆ ತಾಮ್ರಕ್ಕೆ ಅಷ್ಟು ಕೊಡುವುದಿಲ್ಲ, ಆದರೆ ಎಷ್ಟು ಕಡಿಮೆ ಕೇಳುತ್ತಿದ್ದಾರೆ ಅಂತ ನಿಮಗೆ ತಿಳಿದಿರುತ್ತದೆ. ಕಿಲೋಗೆ ನೂರು ರೂಪಾಯಿ ಬಿಟ್ಟರೆ ಹತ್ತು ಕಿಲೋ ಹಂಡೆಗೆ ಸಾವಿರ ಹೋಯಿತು, ಅಲ್ವಾ?

ಕೊಡುವುದಾದರೆ ಯಾರಿಗೆ

ನನ್ನ ಮಟ್ಟಿಗೆ ಮೊದಲ ಹಕ್ಕು ಒಲೆ ಉರಿಯುವ ಮನೆಗೆ. ನೆಂಟರಲ್ಲಿ, ಊರಿನಲ್ಲಿ, ಹೊಸದಾಗಿ ತೋಟದ ಮನೆ ಕಟ್ಟುತ್ತಿರುವವರಲ್ಲಿ ಕೇಳಿ. ಗುಜರಿ ದರಕ್ಕಿಂತ ಸ್ವಲ್ಪ ಜಾಸ್ತಿ ಹೇಳಿದರೂ ಅವರಿಗೆ ಹೊಸದಕ್ಕಿಂತ ಅಗ್ಗ, ಇಬ್ಬರಿಗೂ ಒಳ್ಳೆಯದು. ನಮ್ಮ ಎರಡನೇ ಹಂಡೆ ಹೋಗಿದ್ದು ಕುಮಟಾ ಹತ್ತಿರದ ಅತ್ತೆಯ ಮನೆಗೆ. ಅಲ್ಲಿ ದಿನಾ ಮಡಲು ಉರಿಯುತ್ತದೆ. ಹೋದಾಗಲೆಲ್ಲ ಅಪ್ಪ ಅದರ ನೀರಲ್ಲೇ ಮೀಯುತ್ತಾರೆ.

ಆಮೇಲೆ ಪಾತ್ರೆ ಅಂಗಡಿ. ಹಳೆಯದನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ಕೊಡುತ್ತಾರೆ. ಹಂಡೆಯ ಬದಲು ಬಳಸುವಂಥ ಕೊಡವೋ ತಪ್ಪಲೆಯೋ ಬರುವುದಾದರೆ ಇದು ಒಳ್ಳೆಯ ದಾರಿ. ಗೋಕರ್ಣ, ಹೊನ್ನಾವರದ ಕಡೆ ಹೋಂಸ್ಟೇ ನಡೆಸುವವರು ಅಂಗಳದಲ್ಲಿಡಲು ಹಳೆ ಹಂಡೆ ಕೇಳುತ್ತಾರೆ, ಚೆನ್ನಾಗಿರುವುದಕ್ಕೆ ಬೆಲೆಯನ್ನೂ ಕೊಡುತ್ತಾರೆ. ಗಿಡ ನೆಡಲು ತಳಕ್ಕೆ ತೂತು ಹೊಡೆಯುತ್ತೀರಾ ಅಂತ ಕೇಳಿ ಕೊಡಿ. ತಳ ಸವೆದ ಹಂಡೆಯಾದರೆ ಅಡ್ಡಿಲ್ಲ, ಗಟ್ಟಿ ಹಂಡೆಗೆ ತೂತು ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಗುಜರಿ ಕೊನೆಗೆ.

ಕೀಳುವುದು, ಸಾಗಿಸುವುದು

ಒಲೆ ಆರಿಸಿ ಎರಡು ದಿನ ಬಿಡಿ. ಬೂದಿಯೊಳಗೆ ಕೆಂಡ ಉಳಿದಿರುತ್ತದೆ. ಬೆಚ್ಚಗಿನ ಬೂದಿಗೆ ಹಾವು, ಚೇಳು ಬರುವುದೂ ಉಂಟು, ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ನೀರನ್ನು ಪೂರ್ತಿ ಮೊಗೆಯಿರಿ, ತುಂಬಿದ ಹಂಡೆ 75 ಕಿಲೋ ಆಗುತ್ತದೆ. ಸುತ್ತಲಿನ ಮಣ್ಣಿಗೆ ನೀರು ಚಿಮುಕಿಸಿ ನೆನೆಸಿ ಸ್ವಲ್ಪ ಸ್ವಲ್ಪವೇ ಬಿಡಿಸಿ. ಹಾರೆಯನ್ನು ತಾಮ್ರಕ್ಕೆ ಆನಿಸಿ ಮೀಟಬೇಡಿ, ನೂರು ವರ್ಷ ಬಾಳಿದ ಹಂಡೆ ಒಂದೇ ಏಟಿಗೆ ಸೀಳುತ್ತದೆ. ಕಂಠ ಹಿಡಿದು ಜಗ್ಗುವುದೂ ತಪ್ಪು. ಇಬ್ಬರು ತಳಕ್ಕೆ ಕೈ ಕೊಟ್ಟು ಎತ್ತಬೇಕು. ಕೆಲವು ಮನೆಗಳಲ್ಲಿ ಹಂಡೆ ಕೂರಿಸಿದ ಮೇಲೆ ಗೋಡೆ ಕಟ್ಟಿರುತ್ತಾರೆ, ಬಚ್ಚಲ ಬಾಗಿಲಿಗಿಂತ ಹಂಡೆಯೇ ಅಗಲ. ಮೊದಲೇ ದಾರ ಹಿಡಿದು ಅಳೆಯಿರಿ.

ಹೊರಮೈಯ ಮಸಿಯನ್ನು ಪೂರ್ತಿ ತಿಕ್ಕುವುದು ಬೇಡ, ಉದುರುವಷ್ಟನ್ನು ಒರೆಸಿ ಗೋಣಿ ಸುತ್ತಿದರೆ ಸಾಕು. ಒಳಗಿನ ಕಿಲುಬಿಗೆ ಹುಣಸೆಹಣ್ಣು, ಉಪ್ಪು. ಮುರುಗಲ (ಕೋಕಂ) ಸಿಪ್ಪೆಯೂ ಆಗುತ್ತದೆ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆಯಿರಿ, ಹುಳಿ ತಾಮ್ರದ ಮೇಲೆ ನಿಲ್ಲಬಾರದು. ಟೆಂಪೋದಲ್ಲಿ ಹಳೆ ಟೈರಿನ ಮೇಲೆ ಕೂರಿಸಿ, ಉರುಟು ತಳಕ್ಕೆ ಅದಕ್ಕಿಂತ ಒಳ್ಳೆಯ ಸಿಂಬೆ ಇಲ್ಲ. ಒಳಗೆ ಕಂಬಳಿ, ಹಾಸಿಗೆ ಬಟ್ಟೆ ತುಂಬಿಸಿ, ಜಾಗವೂ ಉಳಿಯುತ್ತದೆ, ಹಂಡೆಯೂ ತಗ್ಗುವುದಿಲ್ಲ. ಕಂಠದ ಮೇಲೆ ಮಾತ್ರ ಏನೂ ಹೇರಬೇಡಿ.

ಘಟ್ಟ ಇಳಿಯುವುದಾದರೆ ಮಳೆಗಾಲ ತಪ್ಪಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಸಾಮಾನು ತುಂಬಿದ ಗಾಡಿ ನಡುದಾರಿಯಲ್ಲಿ ಸಿಕ್ಕಿಕೊಂಡರೆ ತುಂಬಾ ಕಷ್ಟ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ, ಯಾವುದು ತೆರೆದಿದೆ ಅಂತ ಹಿಂದಿನ ದಿನವೇ ವಿಚಾರಿಸಿ ಗಾಡಿಯವರಿಗೆ ಹೇಳಿ.

ಇನ್ನೊಂದು ಕೆಲಸ ಉಳಿಯುತ್ತದೆ. ಹಂಡೆ ಕಿತ್ತ ಒಲೆಯ ಬಾಯಿ ತೆರೆದೇ ಇರುತ್ತದೆ. ಹಳೆ ಮನೆಗೆ ಬೀಗ ಹಾಕಿ ಬರುವವರು ಆ ಗುಂಡಿಗೆ ಹಂಚಿನ ಚೂರು, ಕಲ್ಲು ತುಂಬಿಸಿ ಮೇಲೆ ಮಣ್ಣು ಮೆತ್ತಿ ಬನ್ನಿ, ಹೊಗೆ ಹೋಗುವ ಕಂಡಿಗೂ ಒಂದು ಹಂಚು ಮುಚ್ಚಿ. ಇಲ್ಲದಿದ್ದರೆ ಮೊದಲ ಮಳೆಗೇ ನೀರು ಇಳಿದು ಬಚ್ಚಲ ಗೋಡೆ ನೆನೆಯುತ್ತದೆ. ಮನೆ ಬೇರೆಯವರಿಗೆ ಹೋಗುತ್ತಿದ್ದರೆ ಒಲೆಯನ್ನು ಒಡೆಯಬೇಡಿ, ಅವರ ಹತ್ತಿರ ಹಂಡೆ ಇರಬಹುದು.