ಲಿಪ್‌ಸ್ಟಿಕ್ ಪಾಮ್‌ಗೆ ನೀರು ಬೇಕು, ಬೋರ್‌ವೆಲ್ ನೀರು ಬೇಡ

ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ಕೆಂಪು ಹಾಳೆಯ (ಗರಿಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ಭಾಗ) ಈ ಪಾಮ್ ಕಂಡರೆ ಬರಿಗೈಲಿ ಬರುವುದು ಕಷ್ಟ. ಮನೆಗೆ ತಂದ ಕೆಲವು ತಿಂಗಳಿಗೆ ಗರಿಯ ತುದಿ ಕಂದಾದರೆ, ನೀರು ಜಾಸ್ತಿಯಾಯಿತೇನೋ ಎಂದು ನೀರು ಕಡಿಮೆ ಮಾಡುವವರೇ ಹೆಚ್ಚು. ಗಿಡ ಹಾಳಾಗುವುದು ಅಲ್ಲೇ. ಸಿರ್ಟೋಸ್ಟ್ಯಾಕಿಸ್ ರೆಂಡಾ ಎಂಬ ಈ ಜಾತಿ ಮಲಯ, ಸುಮಾತ್ರಾ, ಬೋರ್ನಿಯೊ ಕಡೆಯ ಜೌಗು ಕಾಡಿನದು. ಅಲ್ಲಿ ಮಣ್ಣು ಹುಳಿ, ಗಾಳಿ ತೇವ, ಬುಡದಲ್ಲಿ ನೀರು ನಿಂತಿದ್ದರೂ ಅದಕ್ಕೆ ತೊಂದರೆಯಿಲ್ಲ.

ಕೊಳ್ಳುವಾಗ ಮೂರು ಕಾಂಡವಾದರೂ ಇರುವ, ಹಾಳೆಗೆ ಆಗಲೇ ಕೆಂಪು ಬಂದಿರುವ ಗಿಡ ಆರಿಸಿ. ಸಣ್ಣ ಸಸಿ ಹಸಿರಾಗಿಯೇ ಇರುತ್ತದೆ, ಬಣ್ಣ ಬರಲು ಕೆಲವು ವರ್ಷ ಕಾಯಬೇಕು. ಪೂರ್ತಿ ನೆರಳಿನಲ್ಲಿಟ್ಟರೆ ಆ ಕೆಂಪೂ ಮಂಕಾಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಬಾಲ್ಕನಿ ಸರಿ. ಗಾಳಿ ಬಡಿಯುವ ಟೆರೇಸ್ ಮೂಲೆ ಬೇಡ.

ಬರೀ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬೇರಿಗೆ ಉಸಿರು ಸಿಗದಂತೆ ಮಾಡುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಕೆಮ್ಮಣ್ಣು ಬೆರೆಸಿ. ಕೋಕೋಪೀಟ್‌ನಲ್ಲಿ ಉಪ್ಪಿರುತ್ತದೆ, ನೆನೆಸಿ ಹಿಂಡಿ ಎರಡು ಸಲ ತೊಳೆದೇ ಬಳಸಿ. ಕುಂಡ ಬದಲಿಸುವಾಗ ಬೇರಿನ ಉಂಡೆ ಬಿಡಿಸಬೇಡಿ, ಮಣ್ಣಿನ ಸಮೇತ ಎತ್ತಿಡಿ.

ಈಗ ನೀರಿನ ವಿಷಯ. ನಮ್ಮ ಬೋರ್‌ವೆಲ್ ನೀರು ಗಡಸು, ಅದರ ಸುಣ್ಣ ಮಣ್ಣಿನ ಹುಳಿ ಕಳೆಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ಹೊಸ ಗರಿ ನರ ಮಾತ್ರ ಹಸಿರಾಗಿದ್ದು ಉಳಿದದ್ದು ಹಳದಿಯಾಗುತ್ತದೆ. ಮಳೆ ನೀರು ಹಿಡಿದಿಟ್ಟುಕೊಳ್ಳಿ, ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಮಾತ್ರ ಹಾಕಲೇಬೇಡಿ, ಉಳಿತಾಯ ಎಂದು ಅನಿಸಿದರೂ ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ದಿನವೂ ಹಾಕುವಷ್ಟು ಮಳೆ ನೀರು ಸಿಗದಿದ್ದರೆ ತಿಂಗಳಿಗೊಮ್ಮೆಯಾದರೂ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಮಳೆ ನೀರು ಸುರಿದು ಉಪ್ಪು ತೊಳೆಯಿರಿ. ಹಳದಿಗೆ ಚೀಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಲೀಟರಿಗೆ ಒಂದು ಗ್ರಾಂ ಕರಗಿಸಿ ಸಂಜೆ ಗರಿಗೆ ಸಿಂಪಡಿಸಬಹುದು. ಆದರೆ ನೀರು ಬದಲಿಸದೆ ಇದೊಂದನ್ನೇ ಮಾಡಿದರೆ ಹಳದಿ ಮರಳಿ ಬರುತ್ತದೆ.

ಫೆಬ್ರವರಿಯಿಂದ ಮೇವರೆಗೆ ಕುಂಡದ ಕೆಳಗೆ ಅಗಲದ ತಟ್ಟೆಯಿಟ್ಟು ಎರಡು ಇಂಚು ನೀರು ನಿಲ್ಲಿಸಿ. ಬೇರೆ ಗಿಡಕ್ಕೆ ಇದು ಅಪಾಯ, ಇದಕ್ಕೆ ಹಿತ. ಸೊಳ್ಳೆಯಾಗದಂತೆ ಮೂರ್ನಾಲ್ಕು ದಿನಕ್ಕೊಮ್ಮೆ ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ಹಾಕಿ. ಡಿಸೆಂಬರ್, ಜನವರಿಯಲ್ಲಿ ತಟ್ಟೆ ಬೇಡವೇ ಬೇಡ. ರಾತ್ರಿ ತಾಪ 15 ಡಿಗ್ರಿಯ ಹತ್ತಿರ ಇಳಿದಾಗ ಬೇರು ಮಂದವಾಗುತ್ತದೆ, ಆಗ ಒದ್ದೆ ಮಣ್ಣಿನಲ್ಲಿ ಕೊಳೆಯುವ ಭಯ. ಮಣ್ಣಿಗೆ ಬೆಳಿಗ್ಗೆ ನೀರು ಕೊಡಿ, ಸುಳಿಯೊಳಗೆ ಬೀಳದಂತೆ. ನಡುವಿನ ಸುಳಿ ಎಳೆದರೆ ಕಿತ್ತು ಬಂತೆಂದರೆ ಕೊಳೆ ಹಿಡಿದಿದೆ. ಲೀಟರ್ ನೀರಿಗೆ ಮೂರು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ ಸುಳಿಗೆ ಸುರಿಯಿರಿ. ಆ ಕಾಂಡ ಉಳಿಯದಿದ್ದರೂ ಪಕ್ಕದವು ಉಳಿದಾವು.

ಹಳೆಯ ಗರಿಯಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಪೊಟ್ಯಾಷ್ ಕೊರತೆ. ಅಂಥ ಗರಿ ಕತ್ತರಿಸಬೇಡಿ, ಗಿಡ ಅದರಿಂದಲೇ ಪೊಟ್ಯಾಷ್ ಎಳೆದು ಹೊಸ ಗರಿಗೆ ಕೊಡುತ್ತಿರುತ್ತದೆ. ಹಾಳೆಯ ಸಂದಿನಲ್ಲಿ ಹಿಟ್ಟು ತಿಗಣೆ ಸೇರಿದರೆ ಬೇವಿನೆಣ್ಣೆ ಐದು ಎಂಎಲ್, ಸ್ವಲ್ಪ ದ್ರವ ಸೋಪು, ಒಂದು ಲೀಟರ್ ನೀರಿಗೆ ಬೆರೆಸಿ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ.

ಬುಡದಿಂದ ಎದ್ದ ಮರಿ ಕಾಂಡ ಬೇರ್ಪಡಿಸುವ ಆಸೆಯಿದ್ದರೆ ಜೂನ್ ಮಳೆ ಹಿಡಿದ ಮೇಲೆ ಮಾಡಿ. ಒಂಟಿ ಕಾಂಡ ಸಾಮಾನ್ಯವಾಗಿ ಸಾಯುತ್ತದೆ, ಸ್ವಂತ ಬೇರಿರುವ ಎರಡು ಮೂರು ಕಾಂಡ ಜೊತೆಗೇ ತೆಗೆದು, ಅರ್ಧ ಗರಿ ಕತ್ತರಿಸಿ, ಪ್ಲಾಸ್ಟಿಕ್ ಚೀಲ ಹೊದಿಸಿ ನೆರಳಿನಲ್ಲಿಡಿ. ಹೊಸ ಸುಳಿ ಕಾಣುವವರೆಗೆ ಚೀಲ ತೆಗೆಯಬೇಡಿ, ಗೊಬ್ಬರವನ್ನೂ ಹಾಕಬೇಡಿ.