ಲಂಡನ್ನಿನ ಬಟ್ಟೆ ಕಸುಬಿನ ಗಿಲ್ಡ್‌ಗೆ ನಿಮ್ಮ ಚಾರಿಟಿಯಿಂದ ಅರ್ಜಿ ಹಾಕುವುದು ಹೇಗೆ

ಬ್ರಿಟನ್ನಿನಲ್ಲಿರುವ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರಾದರೂ ಯಾವುದೋ ಚಿಕ್ಕ ಚಾರಿಟಿಗೆ ಟ್ರಸ್ಟಿ ಆಗಿರುತ್ತೀರಿ, ಇಲ್ಲವೇ ಶನಿವಾರ ಹೋಗಿ ಕೈಜೋಡಿಸುತ್ತೀರಿ. ಅಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: ವ್ಯಾನ್ ಕೆಟ್ಟಿದೆ, ಅಡುಗೆಮನೆ ಮಾಡು ಸೋರುತ್ತಿದೆ, ದುಡ್ಡಿಲ್ಲ. ಇಂಥದ್ದಕ್ಕೇ ಹಣ ಕೊಡುವ ಒಂದು ಹಳೇ ಸಂಘ ಲಂಡನ್ನಿನಲ್ಲಿದೆ, ಕ್ಲಾತ್‌ವರ್ಕರ್ಸ್ ಕಂಪನಿ ಅಂತ.

ಕಂಪನಿ ಅಂದಕೂಡಲೇ ವ್ಯಾಪಾರದ ಕಂಪನಿ ಅಂದುಕೊಳ್ಳಬೇಡಿ. ಇದು ಗಿಲ್ಡ್, ಅಂದರೆ ಕಸುಬಿನವರ ಸಂಘ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಒರಟಾಗಿ, ಸಡಿಲವಾಗಿ ಇರುತ್ತದೆ. ಅದನ್ನು ನೀರಿನಲ್ಲಿ ತುಳಿದು, ಬಡಿದು ದಪ್ಪ ಮಾಡುವವರು ಫುಲ್ಲರ್‌ಗಳು. ಆಮೇಲೆ ಟೀಸಲ್ ಅನ್ನುವ ಗಿಡದ ಒಣಗಿದ ಮುಳ್ಳುತಲೆಯಿಂದ ಬಟ್ಟೆಯನ್ನು ಗೀರಿ, ನವಿರು ಎಬ್ಬಿಸಿ, ಎದ್ದ ನವಿರನ್ನು ದೊಡ್ಡ ಕತ್ತರಿಯಿಂದ ಒಂದೇ ಸಮ ಸವರುವವರು ಶಿಯರ್‌ಮನ್‌ಗಳು. 1528ರಲ್ಲಿ ಈ ಎರಡೂ ಸಂಘಗಳು ಸೇರಿ ಕ್ಲಾತ್‌ವರ್ಕರ್ಸ್ ಆದವು. ಆ ಟೀಸಲ್ ಇವತ್ತಿಗೂ ಅವರ ಲಾಂಛನದಲ್ಲಿದೆ. 1666ರಲ್ಲಿ ಲಂಡನ್ನಿಗೆ ಬಿದ್ದ ದೊಡ್ಡ ಬೆಂಕಿಯಲ್ಲಿ ಅವರ ಭವನ ಸುಟ್ಟುಹೋಯಿತು. ನೆಲಮಾಳಿಗೆ ತುಂಬ ಎಣ್ಣೆ ಇದ್ದದ್ದರಿಂದ ಮೂರು ಹಗಲು ಮೂರು ರಾತ್ರಿ ಉರಿಯಿತು ಅಂತ ಆ ಕಾಲದ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹನ್ನೊಂದು ವರ್ಷ ಆದಮೇಲೆ, 1677ರಲ್ಲಿ, ಅದೇ ಪೀಪ್ಸ್ ಈ ಸಂಘದ ಮಾಸ್ಟರ್, ಅಂದರೆ ಮುಖ್ಯಸ್ಥ ಆದ! ಆಮೇಲೆ 1860ರಲ್ಲಿ ಹೊಸದಾಗಿ ಎದ್ದ ಭವನ 1941ರ ಜರ್ಮನ್ ಬಾಂಬ್ ದಾಳಿಯಲ್ಲಿ ಹೋಯಿತು.

ಸದಸ್ಯರು ತಲೆತಲಾಂತರದಿಂದ ಬಿಟ್ಟುಹೋದ ಆಸ್ತಿಪಾಸ್ತಿ ಸಂಘದ ಕೈಯಲ್ಲಿ ಉಳಿದಿತ್ತು. ದಾನದ ಕೆಲಸಕ್ಕೆ ಅಂತಲೇ 1977ರಲ್ಲಿ ಕ್ಲಾತ್‌ವರ್ಕರ್ಸ್ ಫೌಂಡೇಶನ್ ಮಾಡಿದರು. ನೀವು ಅರ್ಜಿ ಹಾಕಬೇಕಾದದ್ದು ಈ ಫೌಂಡೇಶನ್‌ಗೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಸಂಸ್ಥೆ ಬ್ರಿಟನ್ನಿನಲ್ಲೇ ನೋಂದಣಿ ಆಗಿರಬೇಕು, ಕೆಲಸವೂ ಇಲ್ಲೇ ನಡೆಯಬೇಕು. ಊರಿನ ಶಾಲೆಗೆ ಕೊಠಡಿ ಕಟ್ಟಿಸೋಣ ಅಂತ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ, ಆದರೆ ಅದಕ್ಕೆ ಇದು ದಾರಿ ಅಲ್ಲ.

ಮುಂದಿನದು ತುಂಬಾ ಮುಖ್ಯ. ಇವರು ಕೊಡುವುದು ಕೈಯಲ್ಲಿ ಮುಟ್ಟಿ ನೋಡಬಹುದಾದ ವಸ್ತುವಿಗೆ. ಕಟ್ಟಡ, ಅದರ ರಿಪೇರಿ, ಒಳಗಿನ ಸಾಮಾನು, ಉಪಕರಣ, ವಾಹನ. ಸಂಬಳ, ಬಾಡಿಗೆ, ಕರೆಂಟ್ ಬಿಲ್ ಕೇಳಲೇಬೇಡಿ. ಹಾಗಾಗಿ ಟ್ರಸ್ಟಿಗಳು ಕೂತು 'ನಮಗೆ ಎಷ್ಟು ದುಡ್ಡು ಬೇಕು' ಅಂತ ಶುರು ಮಾಡಬೇಡಿ, 'ಯಾವ ಸಾಮಾನು ಇಲ್ಲದೆ ನಮ್ಮ ಕೆಲಸ ನಿಂತಿದೆ' ಅಂತ ಕೇಳಿಕೊಳ್ಳಿ. ಉತ್ತರ ಒಂದು ಫ್ರಿಜ್ ಆಗಿರಬಹುದು, ವೀಲ್‌ಚೇರ್ ಹತ್ತಿಸುವ ಲಿಫ್ಟ್ ಇರುವ ಮಿನಿಬಸ್ ಆಗಿರಬಹುದು. ಉತ್ತರವೇ ಸಿಗಲಿಲ್ಲ ಅಂದರೆ ಈ ಫಂಡ್ ನಿಮಗಲ್ಲ. ಸುಮ್ನೆ ಏನೋ ಒಂದು ಹುಟ್ಟಿಸಿ ಬರೆಯಬೇಡಿ.

ಆಮೇಲೆ, ಯಾರಿಗಾಗಿ ಅನ್ನುವುದು. ಮನೆಯಲ್ಲೇ ಹಿಂಸೆ ಅನುಭವಿಸಿದವರು, ಮನೆ ಇಲ್ಲದವರು, ಅಂಗವಿಕಲರು, ಕಷ್ಟದಲ್ಲಿರುವ ಹಿರಿಯರು, ಜೈಲಿನಿಂದ ಬಿಡುಗಡೆ ಆದವರು, ಚಟದಿಂದ ಹೊರಬರುತ್ತಿರುವವರು, ಇಂಥ ಗುಂಪುಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಇವರು ಕೊಡುತ್ತಾ ಬಂದಿದ್ದಾರೆ. ಪಟ್ಟಿ ಮತ್ತು ಮೊತ್ತದ ಮಿತಿ ಆಗಾಗ ಬದಲಾಗುತ್ತದೆ, ಬರೆಯಲು ಕೂರುವ ದಿನವೇ ಅವರ ನಿಯಮ ಮತ್ತೊಮ್ಮೆ ಓದಿ. ನಿಮ್ಮಲ್ಲಿಗೆ ಬರುವವರಲ್ಲಿ ಎಷ್ಟು ಜನ ಆ ಗುಂಪಿಗೆ ಸೇರಿದವರು ಅನ್ನುವ ಲೆಕ್ಕ ಕೈಯಲ್ಲಿರಲಿ. ಅಂದಾಜು ಬೇಡ, ಹಾಜರಿ ಪುಸ್ತಕದಿಂದ ಎಣಿಸಿ.

ಕಾಗದಪತ್ರದಲ್ಲಿ ಜನ ಎಡವುವುದು ಜಾಸ್ತಿ. ನಾನು ಕೈಜೋಡಿಸುವ ಒಂದು ಹಿರಿಯರ ಕೇಂದ್ರದವರು ತಮ್ಮ ಅಡುಗೆಮನೆಗೆ ಅಂತ ಬೇರೊಂದು ಫಂಡ್‌ಗೆ ಅರ್ಜಿ ಹಾಕಿದ್ದರು. ಎಲ್ಲಾ ಚೆನ್ನಾಗಿತ್ತು. ಆದರೆ ಕಟ್ಟಡದ ಲೀಸ್ ಮುಗಿಯಲು ಉಳಿದದ್ದು ಒಂದೇ ವರ್ಷ. ಯಾರೂ ಅದನ್ನು ನೋಡಿರಲಿಲ್ಲ, ಅರ್ಜಿ ವಾಪಸ್ ಬಂತು. ಊಟಕ್ಕೆ ಬರುವ ಅಜ್ಜ ಅಜ್ಜಿಯರಿಗೆ ಅದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಕಟ್ಟಡದ ಕೆಲಸ ಆದರೆ ಮೊದಲು ಲೀಸ್ ತೆಗೆದು ನೋಡಿ, ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೊಟೇಶನ್ ಹೊಸದಿರಲಿ, ಒಂದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಆಡಿಟ್ ಲೆಕ್ಕದಲ್ಲಿ ಉಳಿತಾಯ ಜಾಸ್ತಿ ಕಾಣುತ್ತಿದ್ದರೆ ಅದು ಯಾವುದಕ್ಕೆ ಎತ್ತಿಟ್ಟದ್ದು ಅಂತ ನೀವೇ ಮೊದಲು ಹೇಳಿಬಿಡಿ. ಮತ್ತೆ, ಉತ್ತರ ಬರುವ ಮುಂಚೆ ಸಾಮಾನು ಕೊಂಡುಬಿಡಬೇಡಿ, ಆಗಲೇ ಕೊಂಡದ್ದಕ್ಕೆ ಹಣ ಸಿಗುವುದಿಲ್ಲ.

ಬರೆಯುವಾಗ ದೊಡ್ಡ ದೊಡ್ಡ ಮಾತು ಬೇಡ. 'ಸಮುದಾಯದ ಸಬಲೀಕರಣಕ್ಕೆ ನಾವು ಬದ್ಧರು' ಅಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ನಮ್ಮ ವ್ಯಾನ್‌ಗೆ ಲಿಫ್ಟ್ ಇಲ್ಲ, ಅದಕ್ಕೇ ವೀಲ್‌ಚೇರ್‌ನಲ್ಲಿರುವ ಆರು ಜನ ಮಂಗಳವಾರದ ಊಟಕ್ಕೆ ಬರಲಾಗುತ್ತಿಲ್ಲ' ಅಂತ ಬರೆಯಿರಿ. ಅಷ್ಟು ಸಾಕು. ಬರೆದದ್ದನ್ನು ನಿಮ್ಮ ಕೆಲಸದ ಪರಿಚಯವೇ ಇಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ಟೆಕ್ಸ್‌ಟೈಲ್ ಓದುತ್ತಿರುವ ಮಕ್ಕಳಿಗೂ ಒಂದು ಮಾತು. ಈ ಸಂಘ ತನ್ನ ಕಸುಬನ್ನು ಕೈಬಿಟ್ಟಿಲ್ಲ. ಲೀಡ್ಸ್‌ನ ಯಾರ್ಕ್‌ಶೈರ್ ಕಾಲೇಜಿನಲ್ಲಿ ಬಟ್ಟೆ ವಿಭಾಗ ಬೆಳೆದದ್ದು ಇವರ ಹಣದಿಂದ, 1870ರ ದಶಕದಲ್ಲಿ. ಅದೇ ಕಾಲೇಜು 1904ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯ ಆಯಿತು. ನಿಮ್ಮ ವಿಭಾಗದಲ್ಲಿ ಇವರ ನೆರವು ಏನಾದರೂ ಇದೆಯಾ ಅಂತ ಒಮ್ಮೆ ವಿಚಾರಿಸಿ.

ಹಣ ಮಂಜೂರಾದರೆ ಬಿಲ್ಲು, ರಸೀದಿ, ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಫೋಟೋ ಎಲ್ಲಾ ಒಂದೇ ಫೈಲಿನಲ್ಲಿ ಹಾಕಿಡಿ. ಟ್ರಸ್ಟಿಗಳು ಬದಲಾಗುತ್ತಿರುತ್ತಾರೆ, ಆ ಫೈಲು ಕಚೇರಿಯಲ್ಲೇ ಇರಲಿ, ಯಾರದೋ ಮನೆಯಲ್ಲಿ ಬೇಡ.