ಗೊರಿಲ್ಲಾ ನೋಡಲು ಹೊರಟವರಿಗೆ ಒಂದು ಸಲಹೆ

ಬೆಟ್ಟದ ಗೊರಿಲ್ಲಾಗಳು ಯಾವ ಮೃಗಾಲಯದಲ್ಲೂ ಇಲ್ಲ. ಕಾಡಿಗೇ ಹೋಗಬೇಕು. ಅದೂ ಉಗಾಂಡಾ, ರುವಾಂಡಾ, ಕಾಂಗೋ, ಈ ಮೂರೇ ದೇಶಗಳಲ್ಲಿ. ಕಾಂಗೋದ ವಿರುಂಗಾ ಕಡೆ ಗಲಾಟೆ ಜಾಸ್ತಿ, ಸದ್ಯಕ್ಕೆ ಬಿಟ್ಟುಬಿಡಿ.

ರುವಾಂಡಾದ ವೊಲ್ಕೆನೋಸ್ ಪಾರ್ಕ್ ರಾಜಧಾನಿ ಕಿಗಾಲಿಯಿಂದ ಎರಡೂವರೆ ಗಂಟೆ ದಾರಿ, ಆದರೆ ಪರ್ಮಿಟ್‌ಗೇ 1,500 ಡಾಲರ್. ಉಗಾಂಡಾದ ಬ್ವಿಂಡಿ ಕಾಡಿನಲ್ಲಿ 800. ನನ್ನ ಆಯ್ಕೆ ಬ್ವಿಂಡಿ. ಉಗಾಂಡಾದ ವಿಮಾನ ನಿಲ್ದಾಣ ಇರುವ ಎಂಟೆಬೆಯಿಂದ ಇಡೀ ದಿನದ ರಸ್ತೆ ಪ್ರಯಾಣ ಬೇಡ ಅಂದ್ರೆ ಕಿಗಾಲಿಯಲ್ಲಿ ಇಳಿದು ಗಡಿ ದಾಟಿ, ಬ್ವಿಂಡಿಯ ದಕ್ಷಿಣ ಭಾಗದ ರುಶಾಗಾಕ್ಕೆ ಹೋಗಿ. ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದ್ದರೆ ಎರಡೂ ದೇಶಕ್ಕೆ ಸಾಕು. ಪರ್ಮಿಟ್ ಬುಕ್ ಮಾಡುವಾಗಲೇ ರುಶಾಗಾ ಅಂತ ಖಚಿತಪಡಿಸಿಕೊಳ್ಳಿ. ಉತ್ತರದ ಬುಹೋಮಾ ಸಿಕ್ಕಿದರೆ ಗುಡ್ಡ ಸುತ್ತಿ ಗಂಟೆಗಟ್ಟಲೆ ಹೋಗಬೇಕು.

ಒಂದು ಗುಂಪಿಗೆ ಎಂಟೇ ಜನ, ಗೊರಿಲ್ಲಾಗಳ ಮುಂದೆ ಒಂದೇ ಗಂಟೆ. 15 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ನೆಗಡಿ, ಕೆಮ್ಮು ಇದ್ದರೂ ಅಷ್ಟೇ. ನಮ್ಮ ಕಾಯಿಲೆ ಅವಕ್ಕೂ ಅಂಟುತ್ತೆ ಅಲ್ವಾ!

ತೋಟದ ಕೆಲಸದ ದಪ್ಪ ಕೈಗವಸು ಮರೆಯಬೇಡಿ. ಜಾರಿದಾಗ ಕೈಗೆ ಸಿಗುವುದೇ ತುರಿಕೆ ಗಿಡ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಇಲ್ಲದಿದ್ದರೆ ಇರುವೆ ಹತ್ತುತ್ತವೆ. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಲಿ.